ಇ20 ಪೆಟ್ರೋಲನ್ನು ದೂರುವ ಮುನ್ನ ಬಾನೆಟ್ ಒಳಗಿನ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಏಪ್ರಿಲ್‌ನ ಒಂದು ಮಧ್ಯಾಹ್ನ ಜೆ.ಸಿ. ರಸ್ತೆಯಲ್ಲಿ ಕಾರು ನಿಲ್ಲಿಸಿ, ಬಿಡಿಭಾಗದ ಅಂಗಡಿಯೊಂದರಲ್ಲಿ ಇಪ್ಪತ್ತು ನಿಮಿಷ ಕಳೆದು ಹಿಂದಿರುಗಿದೆ. ಎಂಜಿನ್ ಸ್ಟಾರ್ಟ್ ಆಯಿತು. ಆದರೆ ಮುಂದಿನ ಸಿಗ್ನಲ್ ತಲುಪುವಷ್ಟರಲ್ಲಿ ಎರಡು ಸಲ ತಡವರಿಸಿ, ಕ್ಲಚ್ ಬಿಟ್ಟರೆ ನಿಂತೇಹೋಗುವಂತೆ ನಡುಗಿತು. ಐದು ನಿಮಿಷದ ಬಳಿಕ ಏನೂ ಆಗಿಯೇ ಇಲ್ಲವೆಂಬಂತೆ ಓಡತೊಡಗಿತು. ಮರುವಾರ ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಇಂಜೆಕ್ಟರ್ ತೊಳೆದರು, ಬಿಲ್ ಕೈಗಿಟ್ಟು ‘ಇ20 ಪೆಟ್ರೋಲ್ ಸಾರ್, ಇನ್ನು ಹೀಗೆಯೇ’ ಎಂದರು. ತೊಂದರೆ ಹಾಗೆಯೇ ಉಳಿಯಿತು. ಎಂಜಿನ್ ಒಳಗೆ ಹೋಗುತ್ತಿರುವ ಗಾಳಿ ಎಷ್ಟು ಬಿಸಿಯಾಗಿದೆ ಎಂಬುದನ್ನು ಮಾತ್ರ ಅಲ್ಲಿ ಯಾರೂ ನೋಡಲಿಲ್ಲ.

ಬೆಂಗಳೂರಿನಲ್ಲಿ ಈಗ ಕಾರಿನ ಮಾತು ಎಲ್ಲಿ ಬಂದರೂ ಎಥೆನಾಲ್‌ನ ಮಾತು ಬರುತ್ತದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು, ಅಂದರೆ ಇ20ಯನ್ನು, ದೇಶಕ್ಕೆ ಪರಿಚಯಿಸಿದ್ದು ಇದೇ ಊರಿನಲ್ಲಿ, 2023ರ ಫೆಬ್ರುವರಿ 6ರಂದು, ಇಂಡಿಯಾ ಎನರ್ಜಿ ವೀಕ್‌ನ ಸಂದರ್ಭದಲ್ಲಿ. 2025ರ ಹೊತ್ತಿಗೆ ಅದು ಎಲ್ಲ ಬಂಕುಗಳ ಸಾಮಾನ್ಯ ಪೆಟ್ರೋಲ್ ಆಗಿಬಿಟ್ಟಿತು. ಮೈಲೇಜ್ ಇಳಿಯಿತು ಎಂಬ ದೂರು ಸುಳ್ಳಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು ಮಾತ್ರ. ಮೂಲತಃ ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಳಿಸಿ ಇ10ಕ್ಕೆ (ಶೇ 10ರಷ್ಟು ಎಥೆನಾಲ್ ಇರುವ ಪೆಟ್ರೋಲಿಗೆ) ಹೊಂದಿಸಿದ ಕಾರುಗಳು ಇ20 ಬಳಸಿದರೆ ಇಂಧನ ದಕ್ಷತೆ ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ಮಾರ್ಗಸೂಚಿ ವರದಿಯೇ ಅಂದಾಜಿಸಿತ್ತು. ಇ10ಕ್ಕೆ ವಿನ್ಯಾಸಗೊಳಿಸಿ ಇ20ಕ್ಕೆ ಹೊಂದಿಸಿದ ಕಾರುಗಳಿಗೆ ಈ ಅಂದಾಜು ಶೇ 1–2. ಆದರೆ ಶೇ 15, ಶೇ 20 ಇಳಿಯಿತು ಎನ್ನುವವರನ್ನೂ ನಾನು ಕಾಣುತ್ತಿದ್ದೇನೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎಥೆನಾಲ್ ಲೆಕ್ಕಕ್ಕೆ ಸಿಗದ ಆ ಉಳಿಕೆ ಎಲ್ಲಿಂದ ಬಂತು ಎಂದು ಹುಡುಕುವುದು ಮೆಕ್ಯಾನಿಕ್‌ನ ಕೆಲಸ. ಹುಡುಕಬೇಕಾದ ಜಾಗಗಳಲ್ಲಿ ಒಂದು, ಕಡಲೆಕಾಳಿನಷ್ಟೂ ದೊಡ್ಡದಲ್ಲದ ಒಂದು ಮಣಿ: ಒಳಬರುವ ಗಾಳಿಯ ತಾಪಮಾನ ಅಳೆಯುವ ಸೆನ್ಸರ್.

ಅದು ಏಕೆ ಬೇಕು ಎಂಬುದಕ್ಕೆ ನಮ್ಮ ಹಳೆಯ ಸೇರಿನ ಅಳತೆ ನೆನಪಾಗುತ್ತದೆ. ಒಂದು ಸೇರು ಅಕ್ಕಿ, ಒಂದು ಸೇರು ಕಡ್ಲೆಪುರಿ ಅಳತೆಯಲ್ಲಿ ಒಂದೇ, ತೂಕದಲ್ಲಿ ಒಂದೇ ಅಲ್ಲ. ಎಂಜಿನ್‌ನ ಸಿಲಿಂಡರು ಸೇರಿನಂತೆ. ಪ್ರತಿ ಸಲವೂ ಒಂದೇ ಗಾತ್ರದ ಗಾಳಿಯನ್ನು ತುಂಬಿಕೊಳ್ಳುತ್ತದೆ. ಆದರೆ ಇಂಧನ ಉರಿಯುವುದು ಗಾಳಿಯ ತೂಕಕ್ಕೆ ತಕ್ಕಂತೆ. ಶುದ್ಧ ಪೆಟ್ರೋಲ್ ಆದರೆ ಒಂದು ಗ್ರಾಂಗೆ 14.7 ಗ್ರಾಂ ಗಾಳಿ ಬೇಕು. ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಗಾಳಿ ತಣ್ಣಗಿದ್ದರೆ ದಟ್ಟ, ಬಿಸಿಯಾದರೆ ವಿರಳ. ಆದ್ದರಿಂದ ಗಾಳಿಯ ಬಿಸಿ ಗೊತ್ತಿಲ್ಲದೆ ಇಂಧನದ ಪ್ರಮಾಣ ತೀರ್ಮಾನವಾಗುವಂತಿಲ್ಲ.

ನಮ್ಮ ಊರಿನ ಅಂಕಿಗಳನ್ನೇ ಇಟ್ಟು ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ 1013 ಹೆಕ್ಟೊಪಾಸ್ಕಲ್ ಇರುವ ವಾಯುಒತ್ತಡ ಇಲ್ಲಿ 910ರ ಆಸುಪಾಸಿಗೆ ಇಳಿದಿರುತ್ತದೆ. ಮಂಗಳೂರಿನಲ್ಲಿ ಓಡುವ ಅದೇ ಕಾರು ಶಿರಾಡಿ ಘಾಟಿ ಹತ್ತಿ ಇಲ್ಲಿಗೆ ಬಂದರೆ, ಬಿಸಿ ಒಂದೇ ಇದ್ದರೂ, ಅದಕ್ಕೆ ಸಿಗುವ ಗಾಳಿ ಶೇ 10ರಷ್ಟು ಹಗುರ. ಇದು ಎತ್ತರದ ಪಾಲು. ಒತ್ತಡದ ಸೆನ್ಸರ್ ಅದನ್ನು ನೋಡಿಕೊಳ್ಳುತ್ತದೆ. ಇನ್ನು ಬಿಸಿಯ ಪಾಲು. ಜನವರಿಯ ಮುಂಜಾನೆ 15 ಡಿಗ್ರಿಯಲ್ಲಿ ಇಲ್ಲಿನ ಒಂದು ಲೀಟರ್ ಗಾಳಿ 1.10 ಗ್ರಾಂ ತೂಗುತ್ತದೆ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿಯಲ್ಲಿ 1.02 ಗ್ರಾಂ. ಟ್ರಾಫಿಕ್‌ನಲ್ಲಿ ನಿಂತ ಕಾರಿನ ಬಾನೆಟ್ ಒಳಗೆ 60 ಡಿಗ್ರಿಗೆ ಕಾದ ಗಾಳಿಯಾದರೆ 0.95 ಗ್ರಾಂ. 1.2 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್‌ನ ಒಂದು ಸಿಲಿಂಡರು ಪೂರ್ತಿ ತುಂಬಿಕೊಂಡಾಗ ಮುಂಜಾನೆಯ ಗಾಳಿಗೆ ಸುಮಾರು 24 ಮಿಲಿಗ್ರಾಂ ಇ20 ಬೇಕು, ಬಾನೆಟ್ ಒಳಗಿನ ಗಾಳಿಗೆ 21 ಮಿಲಿಗ್ರಾಂ ಸಾಕು. ವ್ಯತ್ಯಾಸ ಮೂರೇ ಮಿಲಿಗ್ರಾಂ. ಆದರೆ ಅದು ಪ್ರಮಾಣದಲ್ಲಿ ಶೇ 13ಕ್ಕೂ ಹೆಚ್ಚು. ಎಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತುವಾಗ ಆ ತಪ್ಪು ಒಂದೊಂದು ಸಿಲಿಂಡರಿನಲ್ಲೂ ನಿಮಿಷಕ್ಕೆ 1500 ಸಲ ಆಗುತ್ತದೆ.

ಈ ಅಂಕಿಗಳಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೊಂದು ಸಂಗತಿ. ನಮ್ಮ ಹವಾಮಾನ ಅಷ್ಟೇನೂ ಕ್ರೂರವಲ್ಲ. ಬೆಂಗಳೂರಿನ ಅತಿ ಬಿಸಿಯ ದಾಖಲೆ 2016ರ ಏಪ್ರಿಲ್‌ನ 39.2 ಡಿಗ್ರಿ, ಅತಿ ಚಳಿಯ ದಾಖಲೆ 1884ರ ಜನವರಿಯ 7.8 ಡಿಗ್ರಿ. ವರ್ಷದ ಬಹುಪಾಲು ದಿನ ನಾವು 18 ಮತ್ತು 34ರ ನಡುವೆ ಇರುತ್ತೇವೆ. ಎಂಜಿನ್‌ಗೆ ತೊಂದರೆ ಕೊಡುವುದು ಊರಿನ ಬಿಸಿಲಲ್ಲ, ಊರಿನ ಸಂಚಾರ. 2023ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 28 ನಿಮಿಷ ಬೇಕಾಯಿತೆಂದು ಟಾಮ್‌ಟಾಮ್ ಸಂಸ್ಥೆ ಲೆಕ್ಕ ಹಾಕಿತ್ತು. ಸಿಲ್ಕ್ ಬೋರ್ಡ್‌ನಲ್ಲಿ ಸಂಜೆ ಆರೂವರೆಗೆ ನಿಂತವರಿಗೆ ಆ ಸರಾಸರಿಯೂ ಉದಾರವಾಗಿ ಕಾಣುತ್ತದೆ. ಕಾರು ನಿಂತಾಗ ಬಾನೆಟ್ ಒಳಗೆ ಗಾಳಿ ಆಡುವುದಿಲ್ಲ. ರೇಡಿಯೇಟರ್ ಫ್ಯಾನ್ ತಳ್ಳುವ ಬಿಸಿ ಗಾಳಿ ಅಲ್ಲಲ್ಲೇ ಸುತ್ತುತ್ತದೆ. ಹೊರಗೆ 28 ಡಿಗ್ರಿ ಇರುವಾಗಲೇ ಸೆನ್ಸರ್ 55, 60 ತೋರಿಸುವುದು ಅಪರೂಪವೇನಲ್ಲ.

ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಸರಳ. ಬಿಸಿಯಾದಷ್ಟೂ ವಿದ್ಯುತ್ ಪ್ರತಿರೋಧ ಕಡಿಮೆಯಾಗುವ ಥರ್ಮಿಸ್ಟರ್ ಅದರೊಳಗಿದೆ. ಬಹಳ ಕಾರುಗಳಲ್ಲಿ ಕಾಣುವ ಒಂದು ಬಗೆಯಲ್ಲಿ ಆ ಪ್ರತಿರೋಧ 20 ಡಿಗ್ರಿಯಲ್ಲಿ 2500 ಓಮ್, 40ರಲ್ಲಿ ಸುಮಾರು 1175, 60ರಲ್ಲಿ 600ರ ಹತ್ತಿರ, 80ರಲ್ಲಿ 320ರಷ್ಟು. ಎಂಜಿನ್‌ನ ಕಂಪ್ಯೂಟರ್, ಅಂದರೆ ಇಸಿಯು, 5 ವೋಲ್ಟ್ ಕೊಟ್ಟು ಹಿಂದಿರುಗುವ ವೋಲ್ಟೇಜ್‌ನಿಂದ ತಾಪಮಾನವನ್ನು ಓದುತ್ತದೆ. ತಂತಿ ತುಂಡಾದರೆ ಅದಕ್ಕೆ ಮೈನಸ್ 40 ಡಿಗ್ರಿ ಕಾಣುತ್ತದೆ, ಪಿ0113 ಎಂಬ ದೋಷಸಂಕೇತ ದಾಖಲಾಗಿ ಚೆಕ್ ಎಂಜಿನ್ ದೀಪ ಹೊತ್ತುತ್ತದೆ. ಅಂಥ ದೋಷ ಹಿಡಿಯುವುದು ಸುಲಭ. ಕಷ್ಟವಾಗುವುದು ಅರೆಬರೆ ಸುಳ್ಳು ಹೇಳುವ ಸೆನ್ಸರ್‌ನದು. ಮಳೆನೀರಿನಿಂದ ಕನೆಕ್ಟರ್‌ನ ಪಿನ್ ಹಸಿರುಗಟ್ಟಿ ಬರೀ 500 ಓಮ್ ಸೇರಿಕೊಂಡಿತು ಎಂದುಕೊಳ್ಳಿ. ಚಳಿಯ ಮುಂಜಾನೆ ಅದು ಗೊತ್ತೇ ಆಗುವುದಿಲ್ಲ. ಆದರೆ 60 ಡಿಗ್ರಿಯ ಗಾಳಿ 42ರ ಹಾಗೆ ಕಾಣುತ್ತದೆ, ಲೆಕ್ಕ ಶೇ 5ಕ್ಕೂ ಹೆಚ್ಚು ತಪ್ಪುತ್ತದೆ. ದೀಪ ಹೊತ್ತುವುದಿಲ್ಲ. ಏಕೆಂದರೆ 42 ಎಂಬುದು ಯಾವ ಕಾರಿನಲ್ಲೂ ಇರಬಹುದಾದ ಅಂಕಿ.

ಇಲ್ಲಿ ಎರಡು ಬಗೆಯ ಕಾರುಗಳನ್ನು ಬೇರೆ ಮಾಡಿಕೊಳ್ಳಬೇಕು. ಕೆಲವು ಕಾರುಗಳು ಏರ್ ಫಿಲ್ಟರ್ ಬಳಿ ಕಾದ ತಂತಿ ಅಥವಾ ಫಿಲ್ಮ್ ಇಟ್ಟು, ಅದನ್ನು ಗಾಳಿ ಎಷ್ಟು ತಣಿಸುತ್ತದೆ ಎಂಬುದರಿಂದ ಗಾಳಿಯ ತೂಕವನ್ನು ನೇರವಾಗಿ ಅಳೆಯುತ್ತವೆ. ಅವುಗಳಲ್ಲಿ ತಾಪಮಾನದ ಅಂಕಿ ಹೆಚ್ಚಾಗಿ ಸ್ಪಾರ್ಕ್ ಸಮಯದ ತಿದ್ದುಪಡಿಗೆ ಬೇಕು. ನಮ್ಮ ರಸ್ತೆಯ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟು ಹಾಗಲ್ಲ. ಅವು ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಾದ ಮ್ಯಾನಿಫೋಲ್ಡ್‌ನ ಒತ್ತಡ ಮತ್ತು ತಾಪಮಾನ ನೋಡಿ ಗಾಳಿಯ ತೂಕವನ್ನು ಊಹಿಸುತ್ತವೆ. ಎರಡೂ ಸೆನ್ಸರ್‌ಗಳು ಒಂದೇ ಡಬ್ಬಿಯಲ್ಲಿದ್ದರೆ ಟಿ–ಮ್ಯಾಪ್ ಎನ್ನುತ್ತಾರೆ. ಒತ್ತಡದಿಂದ ಗಾಳಿಯನ್ನು ಲೆಕ್ಕ ಹಾಕುವ ಈ ಉಪಾಯ ಹಳೆಯದು. ಬಾಷ್ ಕಂಪನಿ 1967ರಲ್ಲಿ ಹೊರತಂದ ಡಿ–ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆಯದೂ ಇದೇ ದಾರಿ. ಆ ಹೆಸರಿನ ‘ಡಿ’ ಎಂದರೆ ಜರ್ಮನ್ ಭಾಷೆಯ ಡ್ರುಕ್, ಒತ್ತಡ. 1951ರಲ್ಲಿ ಹುಟ್ಟಿದ ಅದೇ ಕಂಪನಿಯ ಭಾರತೀಯ ಶಾಖೆಯ ನೆಲೆ ನಮ್ಮಲ್ಲೇ. ಆಡುಗೋಡಿಯ ಮೈಕೋ ಎಂದೇ ಹಳಬರು ಅದನ್ನು ಕರೆಯುವುದು. ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳ ಕೆಲಸದಲ್ಲಿ ಕೈ ಪಳಗಿದ ಇಂಥ ಊರಿನ ಗ್ಯಾರೇಜುಗಳು ಸೆನ್ಸರ್‌ನ ಅಂಕಿ ನೋಡದೆ ಪ್ಲಗ್ ಬದಲಾಯಿಸುತ್ತವೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಒತ್ತಡ ನೋಡುವ ಕಾರುಗಳ ಒಳಸಂಕಟ ಇರುವುದು ತಾಪಮಾನದಲ್ಲೇ. ಲೆಕ್ಕಕ್ಕೆ ಬೇಕಾದುದು ಸಿಲಿಂಡರ್ ಒಳಗೆ ಹೋಗುವ ಗಳಿಗೆಯ ಗಾಳಿಯ ಬಿಸಿ. ಸೆನ್ಸರ್ ತೋರಿಸುವುದು ತಾನು ಕುಳಿತ ಜಾಗದ ಬಿಸಿ. ಇವೆರಡೂ ಒಂದಾಗಿರುವುದು ವಿರಳ. ಹೆದ್ದಾರಿಯಲ್ಲಿ ಗಾಳಿ ರಭಸದಿಂದ ನುಗ್ಗುವುದರಿಂದ ದಾರಿಯಲ್ಲಿ ಹೆಚ್ಚು ಕಾಯುವುದಿಲ್ಲ, ಸೆನ್ಸರ್‌ನ ಅಂಕಿಯನ್ನು ನಂಬಬಹುದು. ಕಾರು ನಿಂತು ಎಂಜಿನ್ ಮಾತ್ರ ಓಡುವ ಐಡಲ್‌ನಲ್ಲಿ ಗಾಳಿ ನಿಧಾನ. ಸೆನ್ಸರ್ ದಾಟಿದ ಮೇಲೂ ಬಿಸಿ ಲೋಹಕ್ಕೆ ತಾಗುತ್ತಾ ಇನ್ನಷ್ಟು ಕಾಯುತ್ತದೆ. ಅದಕ್ಕಾಗಿ ಎಷ್ಟೋ ಇಸಿಯುಗಳು ಗಾಳಿಯ ತಾಪಮಾನ ಮತ್ತು ಕೂಲೆಂಟ್‌ನ (ಎಂಜಿನ್ ತಣಿಸುವ ದ್ರವದ) ತಾಪಮಾನ ಎರಡನ್ನೂ ಬೆರೆಸುತ್ತವೆ. ಗಾಳಿಯ ಹರಿವು ಕಡಿಮೆ ಇದ್ದಾಗ ಕೂಲೆಂಟ್‌ಗೆ ಹೆಚ್ಚು ಬೆಲೆ, ಹರಿವು ಹೆಚ್ಚಾದಂತೆ ಗಾಳಿಯ ಸೆನ್ಸರ್‌ಗೆ ಹೆಚ್ಚು ಬೆಲೆ. ಇದು ಎಂಜಿನ್ ಟ್ಯೂನಿಂಗ್‌ನ ಬಹಳ ತಾಳ್ಮೆ ಬೇಡುವ ಭಾಗ. ಕಾರನ್ನು ಬಿಸಿ ಕೋಣೆಯಲ್ಲಿಟ್ಟು, ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ, ದಿನಗಟ್ಟಲೆ ಕೂತು ಯಾವುದಕ್ಕೆ ಎಷ್ಟು ಬೆಲೆ ಎಂಬ ಕೋಷ್ಟಕಗಳನ್ನು ತುಂಬುತ್ತಾರೆ.

ಜೆ.ಸಿ. ರಸ್ತೆಯಲ್ಲಿ ನನಗಾದದ್ದು ಆ ಕೋಷ್ಟಕಗಳೂ ಪೂರ್ತಿ ಸಂಭಾಳಿಸಲಾಗದ ಸ್ಥಿತಿ. ಓಡಿ ಕಾದ ಎಂಜಿನ್ ಆರಿದಾಗ ಕೂಲೆಂಟ್ ಹರಿಯುವುದು ನಿಲ್ಲುತ್ತದೆ, ಫ್ಯಾನ್ ನಿಲ್ಲುತ್ತದೆ, ಲೋಹದಲ್ಲಿದ್ದ ಬಿಸಿ ಸುತ್ತಲ ಭಾಗಗಳಿಗೆಲ್ಲ ಏರುತ್ತದೆ. ಹದಿನೈದಿಪ್ಪತ್ತು ನಿಮಿಷದಲ್ಲಿ ಸೆನ್ಸರ್‌ನ ಒಡಲೇ ಕಾದಿರುತ್ತದೆ. ಮತ್ತೆ ಸ್ಟಾರ್ಟ್ ಮಾಡಿದ ಮೇಲೆ ಒಳಗೆ ಬರುವ ಗಾಳಿ ಬೇಗ ತಣ್ಣಗಾಗುತ್ತದೆ, ಸೆನ್ಸರ್ ಮಾತ್ರ ತನ್ನದೇ ಬಿಸಿಯನ್ನು ಹೇಳುತ್ತಿರುತ್ತದೆ. ನಿಜದಲ್ಲಿ 50 ಡಿಗ್ರಿ ಇರುವ ಗಾಳಿಯನ್ನು ಅದು 68 ಎಂದರೆ ಇಸಿಯು ಶೇ 5ರಷ್ಟು ಇಂಧನವನ್ನು ಕಡಿಮೆ ಹಾಕುತ್ತದೆ. ಮಿಶ್ರಣ ತೆಳುವಾಗುತ್ತದೆ.

ಈಗ ಎಥೆನಾಲ್‌ಗೆ ಮರಳೋಣ. ಇ10ಕ್ಕೆ ಹೊಂದಿಸಿದ ಕಾರಿಗೆ ಇ20 ಹಾಕಿದಾಗ, ಅದೇ ಗಾಳಿಗೆ ಶೇ 4ರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಹಳೆಯ ಲೆಕ್ಕದಂತೆ ಹಾಕಿದರೆ ಮಿಶ್ರಣ ಅಷ್ಟು ತೆಳು. ಗಮನಿಸಬೇಕಾದದ್ದು ದಿಕ್ಕನ್ನು. ಕಾದ ಸೆನ್ಸರ್‌ನ ತಪ್ಪು, ಎಥೆನಾಲ್‌ನ ಕೊರತೆ ಎರಡೂ ಮಿಶ್ರಣವನ್ನು ತೆಳುವಿನ ಕಡೆಗೇ ಎಳೆಯುತ್ತವೆ. ಒಂದೊಂದೇ ಬಂದಿದ್ದರೆ ಚಾಲಕನಿಗೆ ತಿಳಿಯದೇ ಹೋಗುತ್ತಿದ್ದ ಐದು ಮತ್ತು ನಾಲ್ಕು ಸೇರಿ ಒಂಬತ್ತಾದಾಗ ಎಂಜಿನ್ ತಡವರಿಸುತ್ತದೆ. ಇ10 ಕಾಲದಲ್ಲಿ ಇಲ್ಲದ ಹಾಟ್ ಸ್ಟಾರ್ಟ್ ತೊಂದರೆ ಈಗ ಬಂದಿದೆ ಎನ್ನುವವರ ಅನುಭವ ಸರಿಯಾಗಿರಬಹುದು, ಕಾರಣವನ್ನು ಅವರು ಅರ್ಧ ಮಾತ್ರ ಹೇಳುತ್ತಿದ್ದಾರೆ.

ಹಾಗಾದರೆ ಆಕ್ಸಿಜನ್ ಸೆನ್ಸರ್ ಏನು ಮಾಡುತ್ತದೆ? ಹೊಗೆಕೊಳವೆಯಲ್ಲಿ ಕುಳಿತು ಉರಿದದ್ದು ಸರಿಯೇ ಎಂದು ನೋಡಿ, ಇಂಧನವನ್ನು ಏರಿಸಿ ಇಳಿಸಿ ಸರಿದೂಗಿಸುವುದು ಅದರ ಕೆಲಸ. ಕ್ಷಣಕ್ಷಣದ ತಿದ್ದುಪಡಿ ಶಾರ್ಟ್ ಟರ್ಮ್ ಟ್ರಿಮ್, ಅಭ್ಯಾಸವಾಗಿ ಉಳಿಸಿಕೊಂಡದ್ದು ಲಾಂಗ್ ಟರ್ಮ್ ಟ್ರಿಮ್. ಒಂದೇ ವೇಗದಲ್ಲಿ ಓಡುವ ಕಾರಿನಲ್ಲಿ ಅದು ಮೇಲಿನ ತಪ್ಪುಗಳನ್ನೆಲ್ಲ ಅಳಿಸಿಹಾಕುತ್ತದೆ. ಆದ್ದರಿಂದಲೇ ಗಾಳಿಯ ಸೆನ್ಸರ್ ಒಂದೇ ಶೇ 15 ಮೈಲೇಜ್ ತಿನ್ನುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆಕ್ಸಿಜನ್ ಸೆನ್ಸರ್ 300 ಡಿಗ್ರಿಯಷ್ಟು ಕಾಯುವವರೆಗೆ ಮಾತಾಡುವುದಿಲ್ಲ. ಥ್ರಾಟಲ್ ಪೂರ್ತಿ ಒತ್ತಿದಾಗ ಇಸಿಯು ಅದರ ಮಾತನ್ನು ಬದಿಗಿಡುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ನೆಗೆಯುವ ನಗರದ ಓಟದಲ್ಲಿ ಇಂಥ ಗಳಿಗೆಗಳೇ ಹೆಚ್ಚು. ಅದಕ್ಕಿಂತ ದೊಡ್ಡ ನಷ್ಟ ಇಂಧನದ ಲೆಕ್ಕದಲ್ಲಿಲ್ಲ, ಸ್ಪಾರ್ಕ್‌ನ ಲೆಕ್ಕದಲ್ಲಿದೆ. ಗಾಳಿ ಬಿಸಿ ಎಂದು ಕಂಡರೆ ನಾಕಿಂಗ್ (ಮಿಶ್ರಣ ತನ್ನಷ್ಟಕ್ಕೇ ಸಿಡಿದು ಎಂಜಿನ್ ಬಡಿಯುವುದು) ಆಗದಿರಲೆಂದು ಇಸಿಯು ಸ್ಪಾರ್ಕನ್ನು ತಡ ಮಾಡುತ್ತದೆ. ಸ್ಪಾರ್ಕ್ ತಡವಾದಷ್ಟೂ ಅದೇ ಪೆಟ್ರೋಲಿನಿಂದ ಸಿಗುವ ಬಲ ಕಡಿಮೆ. ಗಾಡಿ ಎಳೆಯುತ್ತಿಲ್ಲ ಎಂದು ನಾವು ಇನ್ನಷ್ಟು ಒತ್ತುತ್ತೇವೆ. ಆಕ್ಸಿಜನ್ ಸೆನ್ಸರ್ ಈ ನಷ್ಟವನ್ನು ಸರಿಪಡಿಸಲಾರದು, ಏಕೆಂದರೆ ಮಿಶ್ರಣದಲ್ಲಿ ತಪ್ಪೇ ಇರುವುದಿಲ್ಲ.

ಎಥೆನಾಲ್‌ನ ಪರವಾಗಿ ಒಂದು ಮಾತು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದು ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿಯನ್ನು ಹೀರಿಕೊಳ್ಳುತ್ತದೆ. ಅದರ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಕೂಡ ಹೆಚ್ಚು. ಬಿಸಿ ಗಾಳಿಯಿಂದ ಬರುವ ನಾಕಿಂಗ್‌ಗೆ ಎರಡೂ ಮದ್ದು. ಆದರೆ ಆ ತಂಪು ಉಂಟಾಗುವುದು ಇಂಜೆಕ್ಟರ್‌ನ ಬಳಿ, ಗಾಳಿಯ ಸೆನ್ಸರ್ ದಾಟಿದ ಮೇಲೆ. ಸೆನ್ಸರ್‌ಗೆ ಅದು ಗೊತ್ತಾಗುವುದೇ ಇಲ್ಲ. ಇ20ಕ್ಕೆಂದೇ ಟ್ಯೂನ್ ಮಾಡಿದ ಹೊಸ ಕಾರುಗಳು ಆ ಲಾಭವನ್ನು ಸ್ಪಾರ್ಕ್‌ನ ಕೋಷ್ಟಕದಲ್ಲಿ ಪಡೆಯಬಲ್ಲವು. ನಾಕ್ ಸೆನ್ಸರ್ ಇದ್ದರೂ ಹಳೆಯ ಕಾರು ತನ್ನ ಕೋಷ್ಟಕವನ್ನು ಮೀರಿ ಸ್ಪಾರ್ಕನ್ನು ಮುಂದೆ ತರುವುದಿಲ್ಲ.

ಮೈಲೇಜ್‌ನ ಆತಂಕ ಇದ್ದಲ್ಲಿ ಅದನ್ನು ಮಾರಿಕೊಳ್ಳುವವರೂ ಬರುತ್ತಾರೆ. ಆನ್‌ಲೈನ್‌ನಲ್ಲೂ ಬಿಡಿಭಾಗದ ಬೀದಿಗಳಲ್ಲೂ ‘ಪರ್ಫಾರ್ಮೆನ್ಸ್ ಚಿಪ್’ ಎಂಬ ಪುಟ್ಟ ಡಬ್ಬಿಗಳು ಸಿಗುತ್ತವೆ. ಅಗ್ಗದ ಡಬ್ಬಿಯನ್ನು ಒಡೆದು ನೋಡಿದರೆ ಒಳಗಿರುವುದು ಎಷ್ಟೋ ಸಲ ಒಂದೇ ಒಂದು ರೆಸಿಸ್ಟರ್. ಅದನ್ನು ಗಾಳಿಯ ತಾಪಮಾನದ ಸೆನ್ಸರ್‌ನ ತಂತಿಗೆ ಜೋಡಿಸಿದರೆ ಇಸಿಯುಗೆ ಗಾಳಿ ಸದಾ ತಣ್ಣಗೆ ಕಾಣುತ್ತದೆ. 50 ಡಿಗ್ರಿಯ ಗಾಳಿಯನ್ನು 10 ಡಿಗ್ರಿ ಎಂದು ನಂಬಿಸಿದರೆ ಒತ್ತಡ ನೋಡುವ ಕಾರು ಶೇ 14ರಷ್ಟು ಹೆಚ್ಚು ಇಂಧನ ಸುರಿಯುತ್ತದೆ, ಸ್ಪಾರ್ಕನ್ನು ತಡ ಮಾಡುವ ರಕ್ಷಣೆಯನ್ನೂ ಕೈಬಿಡುತ್ತದೆ. ಮೊದಲ ದಿನ ಪಿಕಪ್ ಹೆಚ್ಚಿದಂತೆ ಅನಿಸುತ್ತದೆ. ಹೆಚ್ಚುವರಿ ಇಂಧನವನ್ನು ಆಕ್ಸಿಜನ್ ಸೆನ್ಸರ್ ಬೇಗ ಕಡಿತ ಮಾಡುತ್ತದೆ. ಮೊಟಕಾದ ಸ್ಪಾರ್ಕ್ ರಕ್ಷಣೆ ಮಾತ್ರ ಹಾಗೆಯೇ ಉಳಿಯುತ್ತದೆ. ಬಿಸಿಲಿನಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಎ.ಸಿ. ಹಾಕಿ ನಂದಿ ಬೆಟ್ಟ ಏರುವಾಗ ಪಿಸ್ಟನ್ ಮೇಲೆ ಬೀಳುವ ಏಟು ಆ ಡಬ್ಬಿಯ ಬೆಲೆಗೆ ಹೋಲಿಸುವಂಥದ್ದಲ್ಲ. ಗಾಳಿಯ ತೂಕವನ್ನು ನೇರವಾಗಿ ಅಳೆಯುವ ಕಾರಿನಲ್ಲಾದರೆ ಇಂಧನ ಬದಲಾಗುವುದೂ ಇಲ್ಲ, ರಕ್ಷಣೆ ಕಳೆದುಕೊಂಡದ್ದಷ್ಟೇ. ಇದನ್ನು ಟ್ಯೂನಿಂಗ್ ಎಂದು ಕರೆಯುವವರ ಮೇಲೆ ನನಗೆ ಕೋಪವಿದೆ. ಮಾಲಿನ್ಯ ತಪಾಸಣೆ ಕೇಂದ್ರವೂ ಇದನ್ನು ಹಿಡಿಯಲಾರದು. ಅಲ್ಲಿ ಭಾರವಿಲ್ಲದೆ ನಿಂತ ಕಾರಿನ ಹೊಗೆಯನ್ನು ನೋಡುತ್ತಾರೆ, ಆ ಸ್ಥಿತಿಯಲ್ಲಿ ಆಕ್ಸಿಜನ್ ಸೆನ್ಸರ್ ಎಲ್ಲವನ್ನೂ ಸರಿ ಮಾಡಿಯಾಗಿರುತ್ತದೆ.

ಇದೇ ಜಾತಿಯ ಇನ್ನೊಂದು ಹಾನಿ ಏರ್ ಫಿಲ್ಟರ್‌ನ ಡಬ್ಬಿ ಕಿತ್ತು ಹಾಕುವ ಬಯಲು ಕೋನ್ ಫಿಲ್ಟರ್. ಮುಂಭಾಗದ ಜಾಲರಿಯಿಂದ ಹೊರಗಿನ ಗಾಳಿ ತರುವ ಕೊಳವೆಯನ್ನು ಬಿಟ್ಟು ಬಾನೆಟ್ ಒಳಗಿನ ಕಾದ ಗಾಳಿಯನ್ನೇ ಎಂಜಿನ್‌ಗೆ ಕುಡಿಸಿದಂತಾಗುತ್ತದೆ. ಸದ್ದು ಬದಲಾಗುತ್ತದೆ, ನಗರದ ವೇಗದಲ್ಲಿ ಬಲ ಇಳಿಯುತ್ತದೆ. ಸರ್ವಿಸ್ ಮಾಡುವಾಗ ಆ ಕೊಳವೆಯನ್ನು ತೆಗೆದು ಮರಳಿ ಜೋಡಿಸಲು ಮರೆತ ಕಾರುಗಳದೂ ಇದೇ ಗತಿ. ಕಾರಣ ತಿಳಿಯದ ಮೈಲೇಜ್ ಕುಸಿತ ಇದ್ದವರು ಮೊದಲು ಬಾನೆಟ್ ಎತ್ತಿ ಆ ಕೊಳವೆ ಜಾಗದಲ್ಲಿದೆಯೇ ನೋಡಬೇಕು.

ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಗಾಳಿಯನ್ನು ಒತ್ತಿದಾಗಲೇ ಅದು ಕಾಯುವುದರಿಂದ ಅದನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಮೇಲಿನ ತಾಪಮಾನಕ್ಕೆ ಹೆಚ್ಚು ಬೆಲೆ. 2020ರ ಏಪ್ರಿಲ್‌ನಲ್ಲಿ ಬಿಎಸ್–6 ಮಾಲಿನ್ಯ ನಿಯಮ ಬಂದ ಮೇಲೆ ಇಂಜೆಕ್ಷನ್ ಪಡೆದ ಸ್ಕೂಟರುಗಳಲ್ಲೂ ಇಂಥದೇ ಸೆನ್ಸರ್ ಇದೆ. ಸೀಟಿನ ಕೆಳಗೆ ಎಂಜಿನ್‌ಗೆ ತಾಗಿದಂತೆ ಕೂರುವುದರಿಂದ ಅದರ ಪಾಡು ಇನ್ನೂ ಬಿಗಿ.

ಪರೀಕ್ಷೆ ಮಾಡಲು ದುಬಾರಿ ಯಂತ್ರ ಬೇಡ. ಇಸಿಯುವಿನ ಅಂಕಿಗಳನ್ನು ಓದಲೆಂದು ಸ್ಟೀರಿಂಗ್ ಕೆಳಗೆ ಇಟ್ಟಿರುವ ಒಬಿಡಿ ಸಾಕೆಟ್‌ಗೆ ಹಾಕುವ ಬ್ಲೂಟೂತ್ ಸ್ಕ್ಯಾನರ್ ಮತ್ತು ಮೊಬೈಲ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಇಗ್ನಿಷನ್ ಮಾತ್ರ ಬೆಳಿಗ್ಗೆ ಆನ್ ಮಾಡಿ, ಸ್ಟಾರ್ಟ್ ಮಾಡಬಾರದು. ಗಾಳಿಯ ತಾಪಮಾನ, ಕೂಲೆಂಟ್ ತಾಪಮಾನ, ಹೊರಗಿನ ಹವೆ ಮೂರೂ ಎರಡು ಮೂರು ಡಿಗ್ರಿಯೊಳಗೆ ಹೊಂದಬೇಕು. ಹೊಂದದಿದ್ದರೆ ಸೆನ್ಸರ್ ಅಥವಾ ಕನೆಕ್ಟರ್ ಮೇಲೆ ಅನುಮಾನ ಪಡಬೇಕು. ಆಮೇಲೆ ಟ್ರಾಫಿಕ್‌ನಲ್ಲಿ ಏರಿದ ಅಂಕಿ ಬಯಲು ರಸ್ತೆ ಸಿಕ್ಕಾಗ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಬೇಕು. ಆರೋಗ್ಯವಂತ ಸೆನ್ಸರ್ ಒಂದೆರಡು ನಿಮಿಷದಲ್ಲಿ ಗಮನಾರ್ಹವಾಗಿ ಇಳಿಯುತ್ತದೆ. ಎಂಜಿನ್‌ನ ಎಣ್ಣೆಯ ಆವಿ ಮೆತ್ತಿ ಕಪ್ಪಾದದ್ದು ಕಂಬಳಿ ಹೊದ್ದಂತೆ ಬಹಳ ಹೊತ್ತು ಬಿಸಿಯನ್ನೇ ಹೇಳುತ್ತಿರುತ್ತದೆ. ಸರ್ವಿಸ್ ಕೇಂದ್ರಗಳು ಜಾಬ್ ಕಾರ್ಡಿನಲ್ಲಿ ಟೈರಿನ ಗಾಳಿಯನ್ನು ಬರೆಯುವಂತೆ ಈ ತಾಪಮಾನವನ್ನೂ ಟ್ರಿಮ್‌ನ ಅಂಕಿಯನ್ನೂ ಬರೆದುಕೊಡಬೇಕು. ಅವರ ಸ್ಕ್ಯಾನರ್ ಅದನ್ನು ಹೇಗೂ ತೋರಿಸುತ್ತದೆ, ಎರಡು ಅಂಕಿ ಬರೆಯಲು ಅರ್ಧ ನಿಮಿಷ ಸಾಕು. ಇ20 ಕುರಿತ ವಾದದಲ್ಲಿ ಗ್ರಾಹಕನ ಕೈಗೆ ಆಗ ಒಂದು ದಾಖಲೆಯಾದರೂ ಸಿಗುತ್ತದೆ.

ನನ್ನ ಕಾರಿನ ಟಿ–ಮ್ಯಾಪ್ ಒಂದೇ ಸ್ಕ್ರೂನಲ್ಲಿ ನಿಂತಿತ್ತು. ಬಿಚ್ಚಿದಾಗ ತುದಿಯ ಮಣಿಯ ಮೇಲೆ ಕಾಡಿಗೆಯಂಥ ಪದರ. ಬ್ರಷ್ ತಾಗಿಸದೆ, ಸೆನ್ಸರ್‌ಗೆಂದೇ ಸಿಗುವ ಕ್ಲೀನರ್ ಸಿಂಪಡಿಸಿ, ಒಣಗಿಸಿ ಹಾಕಿದೆ. ಆ ಭಾನುವಾರ ಮಧ್ಯಾಹ್ನ ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯಲ್ಲಿ ಮೊಬೈಲ್ ಪರದೆಯ ಮೇಲೆ 61 ಕಂಡಿತು. ಬಳ್ಳಾರಿ ರಸ್ತೆಗೆ ಇಳಿದು ವೇಗ ಹಿಡಿಯುತ್ತಿದ್ದಂತೆ ಅಂಕಿ ಇಳಿಯತೊಡಗಿತು. ಪಕ್ಕದಲ್ಲಿ ಕುಳಿತ ಮಗಳು ಒಂದೊಂದನ್ನೇ ಗಟ್ಟಿಯಾಗಿ ಓದಿದಳು: 52, 45, 40. ಯಲಹಂಕ ವಾಯುನೆಲೆ ಬರುವಷ್ಟರಲ್ಲಿ 37ಕ್ಕೆ ಬಂದು ನಿಂತಿತು, ಹೊರಗೆ ಆಗ 31 ಡಿಗ್ರಿ. ದೇವನಹಳ್ಳಿಯಲ್ಲಿ ಕಾಫಿಗೆಂದು ಇಪ್ಪತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದೆ, ಎಂಜಿನ್ ತಡವರಿಸಲಿಲ್ಲ. ಮುಂಚೆ 9ರ ಆಸುಪಾಸಿನಲ್ಲಿದ್ದ ಲಾಂಗ್ ಟರ್ಮ್ ಟ್ರಿಮ್ ಎರಡು ವಾರದ ಓಡಾಟದಲ್ಲಿ ಇಳಿದು ಶೇ 4ರ ಬಳಿ ನಿಂತಿದೆ. ಆ ನಾಲ್ಕು ಎಥೆನಾಲ್‌ನ ಪಾಲು.